ಕಾಲು ತೊಳೆದು ಮಾಡಿದ ದರೋಡೆ

ಆಗಿನ್ನೂ ವಿಡಿಯೋ ಕ್ಯಾಸೆಟ್ ಕಾಲ. ಒಳ್ಳೆಯ ದರೋಡೆ ಸಿನಿಮಾ ಯಾವುದು ಎಂದು ವಿದ್ಯಾನಗರದಲ್ಲಿ ಯಾರಿಗೆ ಸಂಶಯ ಬಂದರೂ ನನ್ನನ್ನೇ ಕೇಳುತ್ತಿದ್ದರು. ತಿಜೋರಿ ಒಡೆಯುವ ವಿಡಿಯೋ ಗೇಮ್ ಆಡುವವರಿಗೂ ನಾನೇ ಗುರು. "ಸುಳಿವು ಬಿಡಬಾರದು, ಅದೇ ಮುಖ್ಯ!" ಎಂದು ಗಂಭೀರವಾಗಿ ಉಪದೇಶಿಸುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಶಾಂತಾ ಹೇಳಿದಳು: "ಸಂಜಿಕ ನಮ್ಮ ಬೆಳಗಾವಿ ಸೋದರತ್ತಿ ಬರ್ತಾಳ್ರಿ. ನಮ್ಮ ಲಗ್ನದ ಕ್ಯಾಸೆಟ್ ತೋರಿಸ್ಬೇಕು, ತಗದಿಡ್ರಿ."

ಅವಳು ಸಂತೆಗೆ ಹೋದ ಮೇಲೆ ಹಾಕಿ ನೋಡಿದೆ. ಟಿವಿಯಲ್ಲಿ ಬಂದ ದರೋಡೆ ಸಿನಿಮಾವನ್ನು ನಾನು ಅದೇ ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದೆ. ನಮ್ಮ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಬ್ಯಾಂಕಿನ ತಿಜೋರಿ ಸಿಡಿಯುತ್ತದೆ!

ಇನ್ನೊಂದು ಪ್ರತಿ ಇದ್ದದ್ದು ಅದೇ ಊರಿನ ಕಮರಿಪೇಟೆಯಲ್ಲಿ, ಮಾವನ ಮನೆಯಲ್ಲಿ. ಕೇಳಿದರೆ ಮಾನ ಹೋಗುತ್ತದೆ. ಆದ್ದರಿಂದ ಕದಿಯುವುದೆಂದು ನಿರ್ಧರಿಸಿದೆ. ಇಷ್ಟು ಸಿನಿಮಾ ನೋಡಿದ್ದು ಮತ್ಯಾಕೆ?

ಮಧ್ಯಾಹ್ನ ಅತ್ತೆ, ಮಾವ ಊಟ ಮುಗಿಸಿ ಅಡ್ಡಾಗಿದ್ದರು. ಹಿತ್ತಲ ಬಾಗಿಲಿನಿಂದ ಬೆಕ್ಕಿನಂತೆ ನುಗ್ಗಿದೆ. ಕಪಾಟು ತೆರೆದೆ, ಕ್ಯಾಸೆಟ್ಟನ್ನು ಅಂಗಿಯೊಳಗೆ ಸೇರಿಸಿದೆ. ಎಲ್ಲ ಪ್ಲಾನಿನಂತೆಯೇ! ತಿರುಗಿದರೆ ಅತ್ತೆ ನಿಂತಿದ್ದಾರೆ.

"ಯಾವಾಗ ಬಂದ್ರಿ ಅಳಿಯಂದಿರ? ಹಿತ್ತಲದಾಗ ನಿಮ್ಮ ಚಪ್ಪಲ್ ನೋಡಿ ಚಾಕ್ಕ ಇಟ್ಟೇನಿ."

ನೆಲ ನೋಡಿದೆ. ಬಾಗಿಲಿನಿಂದ ಕಪಾಟಿನವರೆಗೆ ನನ್ನದೇ ಒದ್ದೆ ಹೆಜ್ಜೆಗಳು. ಚಪ್ಪಲಿ ಬಿಟ್ಟು, ಬಕೆಟ್ಟಿನ ನೀರಲ್ಲಿ ಕಾಲು ತೊಳೆದು ದರೋಡೆಗೆ ಇಳಿದಿದ್ದೆ! ಗಾಬರಿಗೆ ಕ್ಯಾಸೆಟ್ ಕೂಡ ಅಂಗಿಯಿಂದ ಜಾರಿ ಧೊಪ್ಪನೆ ಬಿತ್ತು. ಅಳುವುದೊಂದು ಬಾಕಿ. ಎಲ್ಲ ಹೇಳಿಬಿಟ್ಟೆ.

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ಕೇಳಿದ್ರ ಕೊಡ್ತಿದ್ದಿಲ್ಲೇನ್ರಿ? ಒಯ್ರಿ. ಶಾಂತಾನ ಮುಂದ ನಾ ಏನೂ ಹೇಳಂಗಿಲ್ಲ."

ಹೋದ ಜೀವ ಬಂದಂತಾಯಿತು. ಚಹಾ ಕುಡಿದು, ಮುಂಬಾಗಿಲಿನಿಂದಲೇ ಅಳಿಯನ ಠೀವಿಯಲ್ಲಿ ಹೊರಬಿದ್ದು ಸ್ಕೂಟರ್ ಹತ್ತಿದೆ.

ಮನೆಯಲ್ಲಿ ಶಾಂತಾ ಬಾಗಿಲಲ್ಲೇ ನಿಂತಿದ್ದಳು. "ಅವ್ವ ಫೋನ್ ಮಾಡಿದ್ಲು."

"ಏನಂದರು?"

"ಏನಿಲ್ಲ. ನಿಮ್ಮ ಚಪ್ಪಲ್ ಅವರ ಹಿತ್ತಲದಾಗ ಅದಾವಂತ. ಇಲ್ಲಿ ನಾ ಕ್ಯಾಸೆಟ್ ಹಾಕಿ ನೋಡಿದೆ. ಉಳದದ್ದು ತಿಳೀತು!"

ಕಾಲು ನೋಡಿಕೊಂಡೆ. ಕಮರಿಪೇಟೆಯಿಂದ ಬರಿಗಾಲಲ್ಲಿ ಬಂದಿದ್ದೆ! ಅವಳು ಬೈಯುತ್ತಾಳೆಂದು ಕಾದೆ. ಅವಳು ನಗಲು ಶುರುಮಾಡಿದಳು. ಸದ್ಯ, ಬದುಕಿದೆ!

ಆಮೇಲೆ ಯಾರಾದರೂ ದರೋಡೆ ಸಿನಿಮಾ ಕೇಳಿಕೊಂಡು ಬಂದರೆ ಶಾಂತಾಳೇ ಮುಂದೆ ಬರುತ್ತಿದ್ದಳು. "ಕುಂದರ್ರಿ. ಮದಲ ನಮ್ಮ ಮನಿಯವರ ಕಥಿ ಕೇಳ್ರಿ!"

ನಾನು ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದೆ.