ಹುಲಿಯ ಮುಖದರ್ಶನ

ಸಾಹೇಬರ ತಾಯಿಗೆ ಹುಲಿ ನೋಡುವ ಆಸೆಯಾಯಿತು. ಗುಮಾಸ್ತನ ಭಾನುವಾರ ಅಲ್ಲಿಗೆ ಮುಗಿಯಿತು. ಮೂರು ವರ್ಷದಿಂದ ಹೆಂಡತಿ ಮಗಳು ಒಂದೂರು, ಇವನೊಂದೂರು. ವರ್ಗಾವಣೆಗೆ ಸಾಹೇಬರ ಸಹಿಯೊಂದು ಬಾಕಿ. ಅದಕ್ಕೇ, "ನಾನೇ ತೋರಿಸ್ಕೊಂಡು ಬರ್ತೀನಿ ಸಾರ್" ಎಂದು ತಾನಾಗಿ ಬೋನಿಗೆ ತಲೆ ಕೊಟ್ಟಿದ್ದ. ಸಾಹೇಬರೂ ಹೊರಟರು.

ಮೃಗಾಲಯವೋ ಒಂದು ಊರಿನಷ್ಟು ದೊಡ್ಡದು. ಬಿಸಿಲಿಗೆ ನೆತ್ತಿ ಕಾದ ಹೆಂಚಾಗಿತ್ತು. ಒಂದು ಕೈಯಲ್ಲಿ ಅಜ್ಜಿಗೆ ಹಿಡಿದ ಕೊಡೆ, ಇನ್ನೊಂದರಲ್ಲಿ ನೀರಿನ ಕ್ಯಾನು, ಕಂಕುಳಲ್ಲಿ ಅಜ್ಜಿ ಕೂರಲು ದಿಂಬು. ಹುಲಿಯ ಜಾಗ ತಲುಪುವ ಹೊತ್ತಿಗೆ ಅವನು ಹಿಂಡಿ ಒಣಹಾಕಿದ ಬಟ್ಟೆಯಾಗಿದ್ದ.

ಹುಲಿ ಬಂಡೆಯ ಹಿಂದೆ ಮಲಗಿತ್ತು. ಕಂಡದ್ದು ಬಾಲದ ತುದಿ ಮಾತ್ರ.

"ಇದು ಬಾಲ. ಹುಲಿ ಎಲ್ಲಪ್ಪಾ?" ಎಂದರು ಅಜ್ಜಿ.

"ಬಾಲದ ಆ ಕಡೆ ಇದೆ ಅಮ್ಮಾ," ಎಂದ ಗುಮಾಸ್ತ.

"ನಂಗೆ ಮುಖ ನೋಡ್ಬೇಕು. ನೋಡದೆ ಇಲ್ಲಿಂದ ಕದಲಲ್ಲ."

ಸಾಹೇಬರು ಗುಮಾಸ್ತನತ್ತ ನೋಡಿದರು, ಹುಲಿಯೂ ಅವನ ಮೇಜಿನಲ್ಲಿ ಕೊಳೆಯುತ್ತಿರುವ ಫೈಲು ಎಂಬಂತೆ.

ಸುತ್ತ ನಿಂತವರಿಗೆ ಸಲಹೆಯ ಬರವೇ? "ಶಿಳ್ಳೆ ಹಾಕ್ರೀ" ಎಂದರೊಬ್ಬರು. "ಹೆಣ್ಣುಹುಲಿ ಥರ ಕೂಗಿ, ಓಡಿ ಬರುತ್ತೆ" ಎಂದರು ಇನ್ನೊಬ್ಬರು. ಗುಮಾಸ್ತ ಮಾನ ಮರ್ಯಾದೆಯನ್ನು ದಿಂಬಿನ ಜೊತೆ ಕೆಳಗಿಟ್ಟು ಗರ್ಜಿಸಿದ. ಒಣಗಿದ ಗಂಟಲಿಂದ ಹಳೇ ಬಾಗಿಲು ಕಿರುಗುಟ್ಟಿದ ಸದ್ದು ಬಂತು. ಮಕ್ಕಳು ಹುಲಿ ಬಿಟ್ಟು ಇವನನ್ನೇ ಸುತ್ತುವರಿದರು.

ಕಾವಲುಗಾರ ಬಂದು ರಟ್ಟೆ ಹಿಡಿದ. "ಓದಿದೋರ ಥರ ಕಾಣ್ತೀರಾ! ಪ್ರಾಣಿಗಳನ್ನ ರೇಗಿಸ್ಬೇಡಿ ಅಂತ ಬೋರ್ಡ್ ಹಾಕಿಲ್ವಾ?"

"ಯಾವ ಪ್ರಾಣಿ ರೇಗಿದೆ ಸ್ವಾಮೀ? ರೇಗಿರೋದು ನೀವೊಬ್ರೇ!" ಗುಮಾಸ್ತ ಅಳುವ ದನಿಯಲ್ಲಿ ಕೂಗಿದ.

ಆ ಗದ್ದಲಕ್ಕೆ ಹುಲಿ ಎದ್ದಿತು. ಕಂದಕದ ಅಂಚಿಗೆ ಬಂದು, ಅಜ್ಜಿಯನ್ನೇ ನೋಡಿ ಆಕಳಿಸಿತು.

"ಎಂಥಾ ಮುಖ ಕಣೋ!" ಅಜ್ಜಿ ಮಗುವಿನಂತೆ ನಕ್ಕರು.

ಸಾಹೇಬರು ಗುಮಾಸ್ತನ ಹೆಗಲ ಮೇಲೆ ಕೈ ಹಾಕಿದರು. "ನಮ್ಮಮ್ಮ ನಕ್ಕು ಎಷ್ಟು ಕಾಲ ಆಗಿತ್ತು ಗೊತ್ತೇನ್ರೀ? ನಾಳೆ ನಿಮ್ಮ ವರ್ಗಾವಣೆಗೆ ಸಹಿ ಹಾಕೋಣ ಅಂತಿದ್ದೆ."

"ಸಾರ್..." ಗುಮಾಸ್ತನ ಕಣ್ಣು ತುಂಬಿತು.

"ಹಾಕಲ್ಲ. ಇಂಥ ಮನುಷ್ಯನ್ನ ಬಿಟ್ಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ? ನಾನು ನಿವೃತ್ತಿ ಆಗೋತನಕ ನೀವಿಲ್ಲೇ!"

"ಮುಂದಿನ ವಾರ ಆನೆ," ಎಂದರು ಅಜ್ಜಿ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. "ರೀ, ಏನಂದ್ರು ಸಾಹೇಬ್ರು?"

ಗುಮಾಸ್ತ ಕಂದಕದಾಚೆ ನೋಡಿದ. ಹುಲಿ ನೆರಳಿಗೆ ಮರಳಿ, ಬಾಲವನ್ನಷ್ಟೇ ಹೊರಗಿಟ್ಟು ಮಲಗಿತ್ತು.

"ತುಂಬಾ ಮೆಚ್ಕೊಂಡ್ರು," ಎಂದ.

ಆ ಕಡೆ ಹೆಂಡತಿ ಮಗಳನ್ನು ಕೂಗಿದ್ದು ಕೇಳಿಸಿತು: "ಪುಟ್ಟೀ, ಅಪ್ಪ ಬಂದ್ಬಿಡ್ತಾರಂತೆ ಕಣೇ!"