ಬಕೆಟ್ಟಿಗಾಗಿ ನಡೆದ ನಿಧಾನ ಸೈಕಲ್ ಮಹಾಸಮರ

ಸಂಗನಬಸುವಿಗೆ ಬಕೆಟ್ ಇರಲಿಲ್ಲ.

ಎಲೈ, ಹಾಸ್ಟೆಲ್ಲಿನ ಹಿತ್ತಲಲ್ಲಿ ಹೊಗೆಯುಗುಳುತ್ತ ನಿಂತ ಬಾಯ್ಲರ್ ದೇವತೆಯೇ, ಅರವತ್ತು ಭಕ್ತರಲ್ಲಿ ಮೊದಲ ಇಪ್ಪತ್ತು ಮಂದಿಗಷ್ಟೇ ಬಿಸಿನೀರು ಕರುಣಿಸುವ ಪಕ್ಷಪಾತಿಯೇ, ಈ ಕಥೆಗೆ ಬೇಕಾದಷ್ಟು ಉಸಿರನ್ನಾದರೂ ನನಗೆ ಕೊಡು. ಏಕೆಂದರೆ ನಾನು ಹೇಳಹೊರಟಿರುವುದು, ವಿಜಯಪುರದ ಚಳಿ ಎಲುಬು ಕಡಿಯುತ್ತಿದ್ದ ಆ ಕ್ರೀಡಾಯುಗದಲ್ಲಿ, ಪವನವೇಗಗರ್ವಭಂಜಕನೂ ಭೋಜನಪಂಕ್ತಿಯ ನಿತ್ಯಪ್ರಥಮನೂ ಆದ ಹದಿನಾಲ್ಕನೇ ಕೋಣೆಯ ಸಂಗನಬಸು ಒಂದು ಬಕೆಟ್ಟಿಗಾಗಿ ಮಾಡಿದ ಘೋರ ಸಮರವನ್ನು.

ಅಡುಗೆಯ ನೀಲವ್ವ ಮೆಸ್ಸಿನ ಬಾಗಿಲಲ್ಲಿ ತೂಗುಹಾಕಿದ ರೈಲುಹಳಿಯ ತುಂಡನ್ನು ಬಾರಿಸಿದರೆ ಊಟ ತಯಾರು ಎಂದರ್ಥ. ಆ ಸದ್ದು ಕಿವಿಗೆ ಬಿದ್ದ ಹನ್ನೊಂದನೇ ಸೆಕೆಂಡಿಗೆ ಮೇಲಿನ ಅಂತಸ್ತಿನ ಸಂಗನಬಸು ತಟ್ಟೆ ಹಿಡಿದು ನಿಂತಿರುತ್ತಿದ್ದ. ಈ ದಾಖಲೆಯನ್ನು ಮೆಸ್ಸಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದರು. ಮುರಿದವರಿಲ್ಲ.

ಇಂಥ ವೀರ ಸ್ನಾನದ ವಿಷಯದಲ್ಲಿ ಮಾತ್ರ ಪರಾಧೀನ. ಅವನಿಗೆ ಬಕೆಟ್ ಕೊಡುತ್ತಿದ್ದವನು ಅದೇ ಕೋಣೆಯ ರಾಚನಗೌಡ. ಕೂರ್ಮಗಮನನೂ ಅವಸರದ್ವೇಷಿಯೂ ಆದ ಆ ಗೌಡ ನಲವತ್ತು ನಿಮಿಷ ಮೀಯುತ್ತಿದ್ದ. ಬಕೆಟ್ ಕೈಗೆ ಬರುವಷ್ಟರಲ್ಲಿ ಬಾಯ್ಲರ್ ತಣ್ಣಗಾಗಿರುತ್ತಿತ್ತು. ಸಂಗನಬಸು ದಿನವೂ ತಣ್ಣೀರು ಸುರಿದುಕೊಂಡು ಕಿರುಚುತ್ತಿದ್ದ.

ಹಾಸ್ಟೆಲ್ ಕ್ರೀಡಾಕೂಟದ ಬಹುಮಾನಗಳ ಪಟ್ಟಿ ಬಂತು. ನೂರು ಮೀಟರ್ ಓಟಕ್ಕೆ ಪ್ರಮಾಣಪತ್ರ. ನಿಧಾನ ಸೈಕಲ್ ಸ್ಪರ್ಧೆಗೆ ಮಗ್ಗು ಸಹಿತ ಕೆಂಪು ಬಕೆಟ್. ಇಪ್ಪತ್ತು ಮೀಟರ್ ದೂರ. ಕಾಲು ನೆಲಕ್ಕೆ ತಾಗಬಾರದು. ಎಲ್ಲರಿಗಿಂತ ಕೊನೆಗೆ ಮುಟ್ಟಿದವನೇ ವಿಜೇತ. ವೇಗದ ವೀರನಿಗೆ ವಿಧಿ ನಿಧಾನವನ್ನು ವಿಧಿಸಿತು. ಅವನು ಹದಿನೈದು ದಿನ ಹಿತ್ತಲಲ್ಲಿ ಅಭ್ಯಾಸ ಮಾಡಿ, ಇಪ್ಪತ್ತಾರು ಸಲ ಬಿದ್ದು, ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸುವುದನ್ನು ಕಲಿತ.

ಭಾನುವಾರ ರಣರಂಗದಲ್ಲಿ ಎದುರಾಳಿ ರಾಚನಗೌಡ ಗರ್ಜಿಸಿದ.

“ಲೇ ಸಂಗ್ಯಾ, ನಾ ಹುಟ್ಟೂದಕ್ಕ ಹತ್ತ ದಿನಾ ತಡಾ ಮಾಡಿದಾಂವ. ನನ್ನ ಮುಂದ ನಿಧಾನಾ ತೋರಸ್ತೀಯೇನು?”

“ಗೌಡ, ಇವತ್ತ ನನ್ನ ಹ್ಯಾಂಡಲ್ ಮ್ಯಾಲ ಗುಬ್ಬಿ ಗೂಡ ಕಟ್ಟಿ, ತತ್ತಿ ಇಟ್ಟು, ಮರಿ ಮಾಡ್ಕೊಂಡ ಹೋಗತೈತಿ ನೋಡ. ನಾಳಿಂದ ನಿನ್ನ ಬಕೆಟ್ಟಿಗೆ ಕೈ ಹಚ್ಚಿದ್ರ ಕೇಳು!”

ಆಟ ಕಲಿಸುವ ದಸ್ತಗೀರ್ ಮಾಸ್ತರು ಸೀಟಿ ಊದಿದರು. ಎಂಟು ಸೈಕಲ್ಲುಗಳು ಹೊರಟವು, ಅಂದರೆ ಹೊರಡಲಿಲ್ಲ. ಎರಡು ನಿಮಿಷದೊಳಗೆ ಆರು ಮಹಾರಥಿಗಳು ಧರೆಗುರುಳಿದರು. ಉಳಿದವರು ಇಬ್ಬರೇ. ನಾಲ್ಕನೇ ನಿಮಿಷಕ್ಕೆ ಗೌಡ ಹದಿನೇಳನೇ ಮೀಟರಿನಲ್ಲಿ ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಓಲಾಡುತ್ತಿದ್ದ. ಹನ್ನೆರಡನೇ ಮೀಟರಿನಲ್ಲಿ ಸಂಗನಬಸು ನೆಟ್ಟ ಕಂಬದಂತೆ ನಿಂತಿದ್ದ. ಗೌಡನ ಎಡಗಾಲು ಪೆಡಲ್ ಬಿಟ್ಟಿತು. ನೆಲಕ್ಕೆ ನಾಲ್ಕೇ ಬೆರಳು ಬಾಕಿ. ಕೆಂಪು ಬಕೆಟ್ ಬಿಸಿಲಲ್ಲಿ ಹೊಳೆಯಿತು.

ಡಣ್! ಡಣ್! ಡಣ್!

ನೀಲವ್ವ ಹಳಿ ಬಾರಿಸಿದ್ದಳು. ಭಾನುವಾರ. ಹೋಳಿಗೆ. ಮೊದಲು ಬಂದವರಿಗೆ ಎರಡು, ಕೊನೆಗೆ ಬಂದವರಿಗೆ ಪಾತ್ರೆಯ ವಾಸನೆ.

ಸಂಗನಬಸುವಿನ ಕಾಲುಗಳು ಅವನನ್ನು ಕೇಳಲಿಲ್ಲ. ಧೂಳೆದ್ದಿತು, ಸುಣ್ಣದ ಗೆರೆ ಅಳಿಸಿತು, ಹುಡುಗರು ದಿಕ್ಕಾಪಾಲಾದರು. ಬೆರಗಾದ ಮಾಸ್ತರು ಗಡಿಯಾರ ಒತ್ತಿದರು: ಮೈದಾನದಿಂದ ಮೆಸ್ಸಿನ ಬಾಗಿಲಿಗೆ ಇನ್ನೂರು ಮೀಟರ್, ಹದಿನಾರು ಸೆಕೆಂಡ್. ಆ ಹಾಸ್ಟೆಲ್ಲಿನಲ್ಲಿ ಮನುಷ್ಯನಾಗಲಿ ನಾಯಿಯಾಗಲಿ ಅಷ್ಟು ವೇಗವಾಗಿ ಎಲ್ಲಿಗೂ ಹೋಗಿರಲಿಲ್ಲ.

“ಯಪ್ಪಾ, ಸೈಕಲ್ ಹೊರಗ ಬಿಡೋ!” ಎಂದಳು ನೀಲವ್ವ, ತಟ್ಟೆಗೆ ಎರಡು ಹೋಳಿಗೆ ಹಾಕುತ್ತ. “ಆಟಾ ಮುಗೀತೇನು? ಯಾರ ಗೆದ್ರು?”

ಅರ್ಧ ಹೋಳಿಗೆ ಬಾಯಲ್ಲಿದ್ದಾಗ ಅವನಿಗೆ ಎಲ್ಲ ನೆನಪಾಯಿತು.

ಮುಕ್ಕಾಲು ಗಂಟೆಯ ಮೇಲೆ, ಹೇಗೋ ಕಾಲೂರದೆ ಗೆರೆ ಮುಟ್ಟಿ ಗೆದ್ದಿದ್ದ ರಾಚನಗೌಡ ಕೆಂಪು ಬಕೆಟ್ ತೂಗಾಡಿಸುತ್ತ ಬಂದ. ಹೋಳಿಗೆ ಖಾಲಿ. ಅವನು ಬರಿದಾದ ಪಾತ್ರೆ ನೋಡಿದ. ಆಮೇಲೆ, ತಿನ್ನಲು ಮನಸ್ಸಾಗದೆ ಕೂತಿದ್ದ ಸಂಗನಬಸುವಿನ ತಟ್ಟೆ ನೋಡಿದ.

“ಸಂಗ್ಯಾ, ನನ್ನ ಹಳೇ ಬಕೆಟ್ ನೀ ಇಟ್ಕೋ. ಆ ಹೋಳಿಗಿ ಇತ್ತ ಕೊಡ.”

“ಅದಕ್ಕ ಹಿಡಕಿ ಇಲ್ಲಲ್ಲೋ.”

“ಹಗ್ಗಾ ಕಟ್ಟೀನಲ್ಲ!”

ಸಂಗನಬಸು ತಟ್ಟೆ ಸರಿಸಿದ. ಮರುದಿನ ಬೆಳಿಗ್ಗೆ ಬಾಯ್ಲರಿನ ಸಾಲಿನಲ್ಲಿ ಅವನೇ ಮೊದಲಿಗ.

ಯುದ್ಧದಲ್ಲಿ ಅವನಿಗಾದ ನಷ್ಟ: ಹೊಸ ಬಕೆಟ್ ಒಂದು, ಮಗ್ಗು ಒಂದು, ಹೋಳಿಗೆ ಒಂದೂವರೆ.