ಕಾಕಾ ಹುಡುಕಿದ ಅಂಬಿಗನ ಸಿನೆಮಾ

ನಮ್ಮ ಕಾಕಾ ತನ್ನ ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಿನೆಮಾವನ್ನೂ ಪೂರ್ತಿ ನೋಡಿದವನಲ್ಲ. ಆದರೂ ಇಳಕಲ್ಲಿನಲ್ಲಿ ಸಿನೆಮಾದ ಬಗ್ಗೆ ಬಾಯಿ ಬಿಡುವ ಅಧಿಕಾರ ತನಗೊಬ್ಬನಿಗೇ ಇದೆಯೆಂದು ತಿಳಿದಿದ್ದ! ಪೂರ್ತಿ ನೋಡಲಿಲ್ಲ ಅಂದರೆ ನಡುವೆ ಎದ್ದು ಬರುತ್ತಿದ್ದ ಅಂತಲ್ಲ. ತಂಬು ಎತ್ತುವವರು ಬಂದು ಎಬ್ಬಿಸುವ ತನಕ ಕೂತಿರುತ್ತಿದ್ದ. ಸಿನೆಮಾನೇ ಪೂರ್ತಿ ಇರುತ್ತಿರಲಿಲ್ಲ, ಪಾಪ ಅವನೇನು ಮಾಡಿಯಾನು?

ಇದು ಸಿನೆಮಾಕ್ಕೆ ಇನ್ನೂ ಮಾತು ಬಾರದ ಕಾಲದ ಕಥೆ. ಊರೂರು ತಿರುಗುವ ತಂಬುಗಳು ಬಾಗಲಕೋಟೆಗೆ ಬರುತ್ತಿದ್ದವು, ಬಾದಾಮಿಗೆ ಬರುತ್ತಿದ್ದವು, ಮನಸ್ಸಾದರೆ ಹುನಗುಂದಕ್ಕೂ ಬರುತ್ತಿದ್ದವು. ಹತ್ತೂರು ತಿರುಗಿ ಬಂದ ರೀಲುಗಳು ಜೀರ್ಣವಾಗಿ, ಆಟದ ನಡುವೆ ಪಟ್ಟನೆ ಹರಿಯುತ್ತಿದ್ದವು. ಮಶೀನಿನವನು ಹರಿದ ತುದಿಗಳನ್ನು ಕತ್ತರಿಸಿ, ಅಂಟು ಹಚ್ಚಿ, ಮತ್ತೆ ಸುರು ಮಾಡುತ್ತಿದ್ದ. ಹೀಗೆ ಒಂದೊಂದು ಊರಿನಲ್ಲಿ ಗೇಣು ಗೇಣು ಕಥೆ ಕಳೆಯುತ್ತಾ ಬಂದು, ನಮ್ಮ ಕಡೆ ಮುಟ್ಟುವಷ್ಟರಲ್ಲಿ ಹೆಣ್ಣು ನೋಡಲು ಹೊರಟ ನಾಯಕ ಮುಂದಿನ ಗಳಿಗೆಯಲ್ಲೇ ಮಗನ ಮುಂಜಿವೆ ಮಾಡುತ್ತಿದ್ದ.

ಕಾಕಾ ನೇಕಾರ. ಸೀರೆಯ ಒಡಲಿಗೆ ಸೆರಗು ಕೂಡಿಸುವಾಗ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ನಮ್ಮೂರಿನ ಪದ್ಧತಿಯಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಹರಿದದ್ದನ್ನು ಅಂಟಿನಿಂದ ಹಚ್ಚುವುದು ಅವನ ಕಣ್ಣಿಗೆ ಮಹಾಪಾಪ. ಒಮ್ಮೆ ಹುನಗುಂದದಲ್ಲಿ ತಡೆಯಲಾರದೆ ಮಶೀನಿನವನ ಹತ್ತಿರ ಹೋಗಿ, ಅವನು ಅಂಟು ಹುಡುಕುವಷ್ಟರಲ್ಲಿ ರೀಲಿನ ಎರಡೂ ತುದಿಗಳನ್ನು ಹಿಡಿದು ಅಪ್ಪಟ ನೇಕಾರರ ಗಂಟು ಹಾಕಿಬಿಟ್ಟ! ಗಂಟೇನೋ ಗಟ್ಟಿಯಾಗಿತ್ತು. ಮಶೀನು ಅದನ್ನು ನುಂಗಲಾರದೆ, ಉಗುಳಲಾರದೆ, ಕಟಕಟ ಅಂದು ನಿಂತಿತು. ಅಂದಿನ ಆಟ ಅಲ್ಲಿಗೇ ಮುಗಿಯಿತು. ಹೊರಗೆ ದಬ್ಬಿಸಿಕೊಂಡ ಕಾಕಾ ಧೋತರ ಝಾಡಿಸುತ್ತ, ಗಂಟು ಮಾತ್ರ ಬಿಚ್ಚಲಿಲ್ಲ ನೋಡು ಎಂದು ನನಗೆ ಹೇಳಿದ.

ಅಂದಿನಿಂದ ರೀಲನ್ನು ಮುಟ್ಟುವುದು ಬಿಟ್ಟ. ಅದರ ಬದಲು ಅಂಗಿಯ ಕಿಸೆಯಲ್ಲಿ ಒಂದು ದಾರ ಇಟ್ಟುಕೊಳ್ಳತೊಡಗಿದ. ಸಿನೆಮಾ ಹರಿದಾಗಲೆಲ್ಲ ದಾರಕ್ಕೊಂದು ಗಂಟು. ಯಾಕೆ ಅಂತೀರಾ? ಮನೆಗೆ ಬಂದು ತನ್ನ ಹೆಂಡತಿ, ನಮ್ಮ ಚಿಗವ್ವನ ಮುಂದೆ ಹೇಳುವುದಕ್ಕೆ.

ಚಿಗವ್ವ ಎಂದೂ ಸಿನೆಮಾ ನೋಡಿದವಳಲ್ಲ. ಇಬ್ಬರೂ ಹೋದರೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವವರು ಯಾರು? ನೀವು ಬಂದು ಹೇಳುತ್ತೀರಲ್ಲ, ಅಷ್ಟು ಸಾಕು ಅನ್ನುತ್ತಿದ್ದಳು. ಮರುದಿನ ಕಾಕಾ ಮಗ್ಗದ ಕುಣಿಯಲ್ಲಿ ಇಳಿದು ಕೂತು, ಲಾಳಿ ಎಸೆಯುತ್ತ ಸಿನೆಮಾ ಹೇಳುತ್ತಿದ್ದ. ಚಿಗವ್ವ ರಾಟಿ ತಿರುಗಿಸುತ್ತ ಕೇಳುತ್ತಿದ್ದಳು. ಗಂಟು ಬಂದಲ್ಲಿ ಕಾಕಾ ಲಾಳಿ ಹಿಡಿದು ನಿಲ್ಲಿಸಿ, "ಇಲ್ಲಿ ಹರೀತು" ಅನ್ನುತ್ತಿದ್ದ. ಚಿಗವ್ವನೂ ರಾಟಿ ನಿಲ್ಲಿಸಬೇಕು. ತಂಬುವಿನಲ್ಲಿ ಜೋಡಿಸಲು ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟು ಹೊತ್ತು ಇಬ್ಬರೂ ಸುಮ್ಮನೆ ಕೂತಿರಬೇಕು! ನಡುವೆ ಅವಳು ಒಲೆಯ ಕಡೆ ಏಳಹೋದರೆ, ಇನ್ನೂ ಜೋಡಿಸಿಲ್ಲ, ಕೂಡು ಎಂದು ಗದರುತ್ತಿದ್ದ. ಎಷ್ಟೋ ಸಲ ಬಾಗಲಕೋಟೆಯಲ್ಲಿ ಹರಿದ ರೀಲಿನ ದೆಸೆಯಿಂದ ಇಳಕಲ್ಲಿನಲ್ಲಿ ನಮ್ಮ ರೊಟ್ಟಿ ಹೊತ್ತಿವೆ.

ಜನ ಸಿನೆಮಾದ ನಾಯಕನಿಗೆ ಸೀಟಿ ಹೊಡೆಯುತ್ತಿದ್ದರೆ ಕಾಕಾನ ಭಕ್ತಿ ಬೇರೆ ಕಡೆಗಿತ್ತು. ಇವರನ್ನೆಲ್ಲ ಕುಣಿಸುವವನು ಯಾರು ಎಂದು ತಂಬುವಿನ ಹಾರ್ಮೋನಿಯಂ ಮಾಸ್ತರನನ್ನು ಕೇಳಿ, ಮುಂಬಯಿಯಲ್ಲಿ ಡೈರೆಕ್ಟರ್ ಅಂತ ಒಬ್ಬನಿರುತ್ತಾನೆಂದೂ ಅವನ ಮುಖ ಯಾರಿಗೂ ಕಾಣುವುದಿಲ್ಲವೆಂದೂ ತಿಳಿದುಕೊಂಡ. ಸೀರೆಯ ಮೇಲೂ ನೇಯ್ದವನ ಹೆಸರಿರುವುದಿಲ್ಲವಲ್ಲ! ಆ ಡೈರೆಕ್ಟರ್ ಅವತ್ತಿನಿಂದ ಅವನಿಗೆ ಬೀಗನಿಗಿಂತ ಹತ್ತಿರದವನಾದ.

ಆಮೇಲೆ ಒಂದು ಹುಳ ತಲೆಯೊಳಗೆ ಹೊಕ್ಕಿತು. ಇಷ್ಟು ಛಂದ ಸಿನೆಮಾ ಮಾಡುವವನಿಗೆ ಸ್ವತಃ ಯಾವ ಸಿನೆಮಾ ಸೇರುತ್ತದೆ? ಖಾನಾವಳಿಯವಳು ತನ್ನ ಮನೆಯಲ್ಲಿ ಏನು ಉಣ್ಣುತ್ತಾಳೆಂದು ತಿಳಿದರೆ ಅವಳ ಕೈಯ ಗುಟ್ಟು ತಿಳಿದಂತೆ, ಇದು ಕಾಕಾನ ಸಿದ್ಧಾಂತ. ಬರೀ ಸಿದ್ಧಾಂತವಲ್ಲ, ಪ್ರಯೋಗವನ್ನೂ ಮಾಡಿದ್ದ. ಬಾಗಲಕೋಟೆಯ ಖಾನಾವಳಿಯ ಹೆಣ್ಣುಮಗಳೊಬ್ಬಳು ಊಟಕ್ಕೆ ಕೂಡುವ ಹೊತ್ತು ನೋಡಿ ಹಿತ್ತಲ ಬಾಗಿಲಿಗೆ ಹೋಗಿ ನಿಂತಿದ್ದನಂತೆ. ಆಕೆ ಎದುರುಮನೆಯಿಂದ ತಂದ ಬುತ್ತಿ ಬಿಚ್ಚುತ್ತಿದ್ದಳು! ಹಾರ್ಮೋನಿಯಂ ಮಾಸ್ತರನಿಗೆ ಯಾವ ಸಿನೆಮಾ ಪ್ರೀತಿ ಎಂದು ಕೇಳಿದ್ದಕ್ಕೆ, ಯಾವುದು ಬೇಗ ಮುಗಿಯುತ್ತದೋ ಅದು ಎಂಬ ಉತ್ತರ ಬಂದಿತ್ತು. ಇಷ್ಟಾದರೂ ಕಾಕಾನ ನಂಬಿಕೆ ಅಲುಗಲಿಲ್ಲ.

ನಾನು ಸಾಲಿ ಮಾಸ್ತರ, ಮರಾಠಿ ಬರೆಯಲು ಬರುತ್ತಿತ್ತು. ಅದೇ ನನ್ನ ತಪ್ಪು. ಹಾರ್ಮೋನಿಯಂ ಮಾಸ್ತರ ಕೊಟ್ಟ ವಿಳಾಸಕ್ಕೆ, ಮುಂಬಯಿಯ ಡೈರೆಕ್ಟರಿಗೆ ಕಾಕಾ ಹೇಳಿದ, ನಾನು ಬರೆದೆ: ಜಗತ್ತಿನ ಸಿನೆಮಾಗಳಲ್ಲೆಲ್ಲ ತಮಗೆ ಯಾವುದು ಪ್ರೀತಿ, ತಿಳಿಸಬೇಕು. ಉತ್ತರವಿಲ್ಲ. ಮತ್ತೆ ಬರೆದೆವು. ಇಲ್ಲ. ನಾಲ್ಕನೆಯ ಸಲ ಕಾಕಾ, ಪತ್ರದ ಜೊತೆ ಕುಬುಸ ಹೊಲಿಸಲು ಒಂದು ಕಣ ಕಳಿಸೋಣ, ಅವರ ಮನೆಯಾಕೆಗೆ ಅಂದ. ಕಣ ಹೋಯಿತು. ತಿಂಗಳೊಳಗೆ ಕಾರ್ಡು ಬಂತು! ಮನೆಯಾಕೆ ಬರೆಸಿರಬೇಕೆಂದು ನನ್ನ ಗುಮಾನಿ.

ಕಾರ್ಡಿನಲ್ಲಿ ನಾಲ್ಕೇ ಸಾಲು. ತನಗೆ ಪ್ರೀತಿಯಾದದ್ದು ತಾನು ಮಾಡಿದ್ದಲ್ಲ, ತನಗಿಂತ ಹಿರಿಯರೊಬ್ಬರು ಮಾಡಿದ್ದು. ಒಬ್ಬ ಅಂಬಿಗ ಮತ್ತು ಅವನ ಹೆಂಡತಿಯ ಕಥೆ. ಹೆಚ್ಚು ಜನ ನೋಡಲಿಲ್ಲ, ಆದರೆ ತಾನು ಮತ್ತೆ ಮತ್ತೆ ನೋಡಿದ್ದೇನೆ ಎಂದಿತ್ತು. ಕೊನೆಗೆ, ನಿಮಗೆ ಯಾವುದು ಪ್ರೀತಿ, ನೀವೂ ತಿಳಿಸಿರಿ ಎಂದು ಕೇಳಿದ್ದ. ಕಾಕಾ ಕಾರ್ಡನ್ನು ದೇವರ ಜಗಲಿಯ ಮೇಲೆ ಲಿಂಗದ ಕರಡಿಗೆಯ ಪಕ್ಕದಲ್ಲಿಟ್ಟ. ಮೊದಲು ಅವರಿಗೆ ಸೇರಿದ್ದನ್ನು ನೋಡುವುದು, ಆಮೇಲೆ ತನಗೆ ಸೇರಿದ್ದನ್ನು ತಿಳಿಸುವುದು ಎಂದು ನಿಶ್ಚಯವಾಯಿತು.

ಅಲ್ಲಿಂದ ಸುರುವಾಯಿತು ನೋಡಿ ನಮ್ಮ ಫಜೀತಿ. ಯಾವ ತಂಬು ಬಂದರೂ, ಅಂಬಿಗನ ಸಿನೆಮಾ ಇದೆಯೇ ಎಂದು ಕಾಕಾ ಬಾಗಿಲಲ್ಲೇ ವಿಚಾರಿಸುತ್ತಿದ್ದ. ಇವನ ಕಾಟ ತಾಳಲಾರದ ಒಬ್ಬ ಮಾಲಕ, ಇದೇ ಅದು, ಒಳಗೆ ನಡಿಯಿರಿ ಅಂದುಬಿಟ್ಟ. ಒಳಗೆ ರಾಕ್ಷಸರ ಯುದ್ಧ ನಡೆದಿತ್ತು. ಅಂಬಿಗ ಮುಂದಿನ ರೀಲಿನಲ್ಲಿ ಬರುತ್ತಾನೆ ಅಂತ ಕಾಕಾ ನನ್ನನ್ನೂ ಕೂಡಿಸಿಕೊಂಡ. ಕಟ್ಟಕಡೆಗೆ ದೂರದಲ್ಲೊಂದು ದೋಣಿ ಕಂಡಿತು. ಕಾಕಾ ಎದ್ದು ನಿಂತು ಕೈಮುಗಿದ. ಹಿಂದಿನವರು ಶೇಂಗಾ ಸಿಪ್ಪೆ ಒಗೆದರು. ದೋಣಿ ಅಡ್ಡ ಹಾದು ಹೋಯಿತು, ಮತ್ತೆ ಬರಲಿಲ್ಲ.

ಹೀಗೆ ಎರಡು ಮೂರು ವರ್ಷ ಕಳೆದವು. ಅಷ್ಟರಲ್ಲಿ ಚಿಗವ್ವ ಹಾಸಿಗೆ ಹಿಡಿದಳು.

ಮೊದಲು ಕೆಮ್ಮು ಅಂದುಕೊಂಡೆವು. ಆಮೇಲೆ ಜ್ವರ ಇಳಿಯದಾಯಿತು. ಬಾಗಲಕೋಟೆಯ ದವಾಖಾನಿಗೆ ಕರೆದೊಯ್ದರೆ ಅಲ್ಲಿಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, ಕಾಕಾನನ್ನು ಹೊರಗೆ ಕರೆದು ಮಾತಾಡಿದರು. ಹೊರಗಿಂದ ಒಳಗೆ ಬಂದ ಕಾಕಾ ಬೇರೆಯೇ ಮನುಷ್ಯನಾಗಿದ್ದ. ರಾಟಿ ಮೂಲೆ ಸೇರಿತು. ಮಗ್ಗದ ಮೇಲಿನ ಸೀರೆ ಅರ್ಧಕ್ಕೆ ನಿಂತಿತು. ನಗೆಯಾಡುತ್ತಿದ್ದ ನಾವು ಆ ಮನೆಯೊಳಗೆ ಮೆಲ್ಲಗೆ ಮಾತಾಡತೊಡಗಿದೆವು.

ಅಂಥ ಹೊತ್ತಿನಲ್ಲೇ ಬರಬೇಕೆ ಆ ಸುದ್ದಿ? ಬಾದಾಮಿಯಿಂದ ಬಂದ ಮೋಟಾರಿನ ಡ್ರೈವರ್ ಒಂದು ಜಾಹೀರಾತಿನ ಚೀಟಿ ತಂದುಕೊಟ್ಟ. ಅಂಬಿಗನ ಚಿತ್ರ, ನಾಳೆಯೇ ಕಡೆಯ ಆಟ. ಕಾಕಾ ಚೀಟಿಯನ್ನು ಓದಿಸಿ ಕೇಳಿ, ಮಡಚಿ ಇಟ್ಟ. ಹೋಗುವುದಿಲ್ಲ ಅಂದ. ಚಿಗವ್ವ ಮಲಗಿದ್ದಲ್ಲಿಂದಲೇ ಕೈಸನ್ನೆ ಮಾಡಿ ಕರೆದಳು.

"ಹೋಗಿ ನೋಡಿ ಬರ್ರಿ. ನೀವು ನೋಡ್ಲಿಲ್ಲಂದ್ರ ನನಗ ಯಾರು ಹೇಳ್ತಾರ?"

ಅವಳ ಹತ್ತಿರ ನನ್ನ ಅವ್ವನನ್ನು ಕೂಡಿಸಿ, ಮರುದಿನ ನಾನೂ ಕಾಕಾನೂ ಹೊರಟೆವು. ಅಮೀನಗಡ ದಾಟುವಷ್ಟರಲ್ಲಿ ಮೋಟಾರು ಕೆಟ್ಟು ನಿಂತಿತು. ಡ್ರೈವರ್ ಅದರ ಹೊಟ್ಟೆಯ ಕೆಳಗೆ ಹೊಕ್ಕವನು ಬೆಳತನಕ ಹೊರಗೆ ಬರಲಿಲ್ಲ. ಬಾದಾಮಿ ಮುಟ್ಟಿದಾಗ ಬಿಸಿಲು ಏರಿತ್ತು. ಮೈದಾನದಲ್ಲಿ ಗೂಟ ಕಿತ್ತ ತಗ್ಗುಗಳಿದ್ದವು, ಶೇಂಗಾ ಸಿಪ್ಪೆಯಿತ್ತು. ತಂಬು ಇರಲಿಲ್ಲ.

ಶೇಂಗಾ ಮಾರುವ ಮುದುಕಿಯೊಬ್ಬಳು ಬುಟ್ಟಿ ಝಾಡಿಸುತ್ತಿದ್ದಳು. ಕಾಕಾ ಅವಳನ್ನು ಕೇಳಿದ, ಸಿನೆಮಾ ಹೇಗಿತ್ತು ಎಂದು. ತಾನು ಪರದೆಗೆ ಬೆನ್ನು ಮಾಡಿ ಕೂತಿರುವವಳು, ಏನೂ ನೋಡಿಲ್ಲ, ಆದರೆ ಜನ ಭಾಳ ಅತ್ತರು ಅಂದಳು. ನಮಗೆ ಸಿಕ್ಕದ್ದು ಅಷ್ಟೇ.

ತಿರುಗಿ ಬರುವಾಗ ಕಾಕಾ ಮೋಟಾರಿನವನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಹುನಗುಂದ ದಾಟಿದ ಮೇಲೆ ಒಂದೇ ಮಾತು ಕೇಳಿದ. "ಅಕಿಗೆ ಏನ್ ಹೇಳ್ಲೋ?"

ಖರೆ ಹೇಳಿಬಿಡು ಅಂದೆ.

ಮನೆಯಲ್ಲಿ ಚಿಗವ್ವ ದಿಂಬಿಗೆ ಒರಗಿ ಕಾದಿದ್ದಳು. ಅವ್ವನ ಕೈಯಿಂದ ಹೆರಳು ಹಾಕಿಸಿಕೊಂಡಿದ್ದಳು. ಕಾಕಾ ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂತು, ಸಿನೆಮಾ ಹೇಳಲು ಸುರು ಮಾಡಿದ! ನಾನು ಬಾಗಿಲಲ್ಲಿ ಕಂಬದಂತೆ ನಿಂತೆ. ಎಂಥ ಅಂಬಿಗ ಅಂತೀರಿ! ದೋಣಿ ನಡೆಸುವುದು ಹೇಗೆಂದು ಹೇಳುವವನಿಗೇ ಗೊತ್ತಿಲ್ಲ. ಹೀಗಾಗಿ ಆ ಅಂಬಿಗ ದೋಣಿಯೊಳಗೊಂದು ಮಗ್ಗ ಹೂಡಿಕೊಂಡಿದ್ದ. ಆ ದಂಡೆಯಿಂದ ಈ ದಂಡೆಗೆ ಬರುವಷ್ಟರಲ್ಲಿ ಮೊಳ ನೇಯುತ್ತಿದ್ದ. ಹೆಂಡತಿ ಆಚೆ ದಂಡೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಲಪ್ರಭೆಗೆ ಮಹಾಪೂರ ಬಂತು. ಮೂರು ದಿನ ದೋಣಿ ಬಿಡಲಾಗಲಿಲ್ಲ. ಅಂಬಿಗ ಈಚೆ ದಂಡೆಯಲ್ಲಿ ನಿಂತು, ಕೇಳುತ್ತದೋ ಇಲ್ಲವೋ, ಹೆಂಡತಿಗೆ ಕಥೆ ಹೇಳುತ್ತಲೇ ಇದ್ದ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಅವಳು ಅಲ್ಲೇ ಇದ್ದಳು. ಮಗ್ಗದ ಸುದ್ದಿ ಬಂದಾಗ ನನಗೆ ನಗು ತಡೆಯದಾಗಿತ್ತು. ನೀರು ಇಳಿದಾಗ ನಾನು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದೆ.

ಜೀವಮಾನವೆಲ್ಲ ಕಂಡಕಂಡವರನ್ನು ಕೇಳುತ್ತ ಬಂದ ಪ್ರಶ್ನೆಯನ್ನು ಕಾಕಾ ಹೆಂಡತಿಗೆ ಎಂದೂ ಕೇಳಿರಲಿಲ್ಲ. ಅವತ್ತು ಕೇಳಿದ. ನಾನು ಇಷ್ಟು ವರ್ಷ ಹೇಳಿದ್ದರಲ್ಲಿ ನಿನಗೆ ಯಾವುದು ಸೇರಿತು?

"ಇದ ರೀ" ಅಂದಳು ಚಿಗವ್ವ. ಸ್ವಲ್ಪ ದಮ್ಮು ತೆಗೆದುಕೊಂಡು, "ಎಲ್ಲೂ ಹರೀಲಿಲ್ಲ ನೋಡ್ರಿ" ಅಂದಳು.

ಕಾಕಾನ ಕೈ ಕಿಸೆಗೆ ಹೋಯಿತು. ದಾರ ಹೊರಗೆ ಬಂತು. ಒಂದು ಗಂಟೂ ಇರಲಿಲ್ಲ. ಸಿನೆಮಾ ಹರಿಯದೆ ಇದ್ದದ್ದು ಉಂಟೇ? ಅಷ್ಟು ವರ್ಷ "ಇಲ್ಲಿ ಹರೀತು" ಅಂದಾಗಲೆಲ್ಲ ರಾಟಿ ನಿಲ್ಲಿಸಿ ಕೂತವಳಿಗೆ ಅದು ತಿಳಿಯದೆ ಇರುತ್ತದೆಯೇ? ಸುಳ್ಳು ಹೇಳುವ ಗಡಿಬಿಡಿಯಲ್ಲಿ ಕಾಕಾ ಹರಿಯುವುದನ್ನೇ ಮರೆತಿದ್ದ. ಅವನ ಮುಖ ನೋಡಲಾರದೆ ನಾನು ನೆಲ ನೋಡಿದೆ. ಚಿಗವ್ವ ಅವನ ಕೈಯಿಂದ ದಾರ ತೆಗೆದುಕೊಂಡು ಬೆರಳಿಗೆ ಸುತ್ತಿಕೊಂಡಳು. "ನಾಳೆ ಮತ್ತ ಹೇಳ್ರಿ. ಅಕಿ ಕಂಡಿಕಿ ಸುತ್ತೋದು ಕಿಡಕಿ ಹತ್ರ ಇರ್ಲಿ, ಗಾಳಿ ಬರ್ತೈತಿ."

ಮರುದಿನ ಕಾಕಾ ದಂಡೆಯ ಮೇಲೆ ಒಂದು ಮನೆ ಕಟ್ಟಿ ಕಿಟಕಿ ಇಟ್ಟ. ಆಮೇಲೆ ದಿನಾ ಒಂದೊಂದು ಬದಲು. ಅವಳು ಹೇಳಿದಂತೆ ಅಂಗಳಕ್ಕೆ ಬೇವಿನ ಗಿಡ ಬಂತು, ಒಂದು ಎಮ್ಮೆ ಬಂತು, ಎಮ್ಮೆ ಕರು ಹಾಕಿತು. ಎಮ್ಮೆಯ ಕರು ಇನ್ನೂ ಎಳೆಯದಾಗಿರುವಾಗಲೇ ಚಿಗವ್ವ ಹೋದಳು. ಬೆರಳಿನ ದಾರವನ್ನು ಬಿಚ್ಚಲು ಕಾಕಾ ಯಾರಿಗೂ ಬಿಡಲಿಲ್ಲ.

ವರ್ಷವಾದ ಮೇಲೆ ಅಂಬಿಗನ ಸಿನೆಮಾ ಬಾಗಲಕೋಟೆಗೆ ಬಂತು. ನಾನೇ ಒತ್ತಾಯ ಮಾಡಿ ಕಾಕಾನನ್ನು ಕರೆದುಕೊಂಡು ಹೋದೆ. ಛಲೋ ಸಿನೆಮಾ. ಮುಂಬಯಿಯ ಡೈರೆಕ್ಟರ್ ಸುಳ್ಳು ಹೇಳಿರಲಿಲ್ಲ. ಆದರೆ ಅಂಬಿಗನ ದೋಣಿಯಲ್ಲಿ ಮಗ್ಗವಿಲ್ಲ, ದಂಡೆಯ ಮನೆಗೆ ಕಿಟಕಿಯಿಲ್ಲ, ಎಮ್ಮೆಯಂತೂ ಇಲ್ಲವೇ ಇಲ್ಲ. ಅರ್ಧ ಆಗಿತ್ತು, ಪಟ್ಟನೆ ಹರಿಯಿತು. ಜನ ಕೂಗಾಡಿದರು. ಕಾಕಾನ ಕೈ ತಾನಾಗಿಯೇ ಕಿಸೆಗೆ ಹೋಯಿತು, ಹೊಸ ದಾರ ಹೊರಗೆ ಬಂತು. ಗಂಟು ಹಾಕಲು ಬೆರಳು ಮಡಚಿದವನು ಹಾಗೆಯೇ ಕೂತ.

"ಇಲ್ಲಿ ಹರೀತು ಅಂತ ಇನ್ನ ಯಾರ ಮುಂದ ಹೇಳ್ಲಿ?" ಅಂದ.

ಅವನನ್ನು ಹಿಡಿದುಕೊಂಡು ಹೊರಗೆ ಬಂದೆ. ಇದೂ ಪೂರ್ತಿ ಆಗಲಿಲ್ಲ.

ಇಳಕಲ್ಲಿಗೆ ಬಂದ ಮೇಲೆ ಜಗಲಿಯ ಮೇಲಿಂದ ಆ ಹಳೆಯ ಕಾರ್ಡು ತೆಗೆದು ನನ್ನ ಮುಂದಿಟ್ಟ. ಡೈರೆಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಉಳಿದಿದೆ, ಬರೆ ಅಂದ. ನಾನು ಟಾಕನ್ನು ಮಸಿಯಲ್ಲಿ ಅದ್ದಿದೆ.

"ಸಾಹೇಬ್ರ, ನಿಮಗ ಸೇರಿದ್ದು ನೋಡಿದೆ. ಛಲೋ ಐತಿ. ಆದ್ರ ನನಗ ಸೇರಿದ್ದು ಬ್ಯಾರೆ. ಅದು ಯಾವ ತಂಬುನ್ಯಾಗೂ ಸಿಗೂದಿಲ್ಲ. ನಾನೂ ನನ್ನ ಹೇಣ್ತಿನೂ ಕೂಡಿ ನೋಡಿದ್ದು ಅದೊಂದ."

ಅದನ್ನು ಮರಾಠಿ ಮಾಡಲು ಕೂತೆ. ಆಗಲಿಲ್ಲ. ಅವನು ಹೇಳಿದ ಹಾಗೆಯೇ, ಅಷ್ಟನ್ನೇ, ಕನ್ನಡದಲ್ಲಿ ಬರೆದು ಟಪಾಲಿನ ಪೆಟ್ಟಿಗೆಗೆ ಹಾಕಿ ಬಂದೆ.